ಕೇಸು ಹಾಕಿದವಳು ನಾನಲ್ಲ

ನಮ್ಮೋರ ಮೇಲೆ ಜೀವನಾಂಶದ ಕೇಸು ಬಿದ್ದಾಗ, ಹಾಕಿದವಳು ನಾನೇ ಅಂತ ಊರಿಗೆ ಊರೇ ತೀರ್ಮಾನ ಮಾಡಿಬಿಟ್ಟಿತು. ಅದರಲ್ಲಿ ಊರಿನವರ ತಪ್ಪೇನೂ ಇಲ್ಲ ಬಿಡಿ. ನಮ್ಮ ಕಡೆ ಜೀವನಾಂಶ ಅಂದರೆ ಹೆಂಡತಿ ಆದವಳು ಗಂಡನನ್ನು ಕೋರ್ಟಿಗೆ ಎಳೆದು ಕೀಳುವಂಥದ್ದು, ಅಷ್ಟೇ. ಮಕ್ಕಳೂ ಕೇಳಬಹುದು, ಅಪ್ಪ ಅಮ್ಮನಿಗೆ ಮದುವೆ ಆಗದೆ ಹುಟ್ಟಿದ ಮಕ್ಕಳೂ ಕೇಳಬಹುದು ಅನ್ನುವುದು ತೊಂಬತ್ತರ ದಶಕದ ಆ ವರ್ಷಗಳಲ್ಲಿ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಪಿಯುಸಿ ಓದಿದ್ದ ನನಗೇ ತಿಳಿದಿರಲಿಲ್ಲ. ಇನ್ನು ಊರಿನವರನ್ನು ಏನಂತ ಅನ್ನಲಿ.

ಸಮನ್ಸು ತಂದ ಪೊಲೀಸ್ ಪೇದೆಗೂ ಅದೇ ಗೊಂದಲ. ಆಗ ನಾನು ಅಂಗಳದಲ್ಲಿ ಕೊಬ್ಬರಿ ಹರವುತ್ತಿದ್ದೆ.

"ಯಜಮಾನ್ರು ಇಲ್ವೇನಮ್ಮ?"

"ತೋಟಕ್ಕೆ ಹೋಗವ್ರೆ. ಏನ್ ವಿಷ್ಯ?"

"ಚಿಕ್ಕನಾಯಕನಹಳ್ಳಿ ಕೋರ್ಟಿಂದ. ಜೀವನಾಂಶದ ಕೇಸು ಕಣಮ್ಮ," ಅಂದವನು ನನ್ನ ಕೊರಳು ನೋಡಿದ, ಕಾಲುಂಗುರ ನೋಡಿದ. "ನೀವೇನಾಗ್ಬೇಕು ಅವರಿಗೆ?"

"ಹೆಂಡ್ತಿ."

"ಮತ್ತೆ ಕೇಸು ಹಾಕಿದೋರು ಯಾರು?"

"ಅದನ್ನ ನಾನು ನಿಮ್ಮನ್ನ ಕೇಳ್ಬೇಕು."

ಪಾಪ, ಅವನು ಬಿಸಿಲಲ್ಲಿ ಸೈಕಲ್ ತುಳಿದು ಬಂದಿದ್ದ. ಎಳನೀರು ಕೆತ್ತಿ ಕೊಟ್ಟೆ. ಕುಡಿದು ಗಂಜಿ ಹೆರೆದು ತಿಂದು, ಇನ್ನೊಂದನ್ನೂ ಕುಡಿದು, ತೋಟದ ದಾರಿ ಕೇಳಿಕೊಂಡು ಹೋದ. ದಾರಿಯಲ್ಲಿ ಸಿಕ್ಕವರಿಗೆಲ್ಲ ಏನು ಹೇಳಿದನೋ ಗೊತ್ತಿಲ್ಲ. ಸಂಜೆ ಹಾಲಿನ ಡೈರಿಗೆ ಹೋದರೆ ಹೆಂಗಸರೆಲ್ಲ ನನಗೆ ದಾರಿ ಬಿಟ್ಟು ನಿಂತರು. ಒಬ್ಬಾಕೆ ಹತ್ತಿರ ಬಂದು, "ಒಳ್ಳೇದೇ ಮಾಡ್ದೆ ಕಣೇ, ಎಷ್ಟು ದಿನ ಅಂತ ತಡ್ಕೋತೀಯ," ಅಂದಳು. ನಾನು ಏನನ್ನು ತಡೆದುಕೊಂಡಿದ್ದೆ ಅಂತ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮಾರನೆಯ ದಿನ ನಮ್ಮಣ್ಣ ತಿಪಟೂರಿನಿಂದ ಲಗೇಜ್ ಆಟೋ ಮಾಡಿಕೊಂಡು ಬಂದುಬಿಟ್ಟ. ಮದುವೆಯಲ್ಲಿ ಕೊಟ್ಟ ಮಂಚ, ಬೀರು, ಹಂಡೆ, ಜೊತೆಗೆ ನನ್ನನ್ನೂ ಹೇರಿಕೊಂಡು ಹೋಗಬೇಕು ಅಂತ ಅವನ ಲೆಕ್ಕ. "ನಡಿ, ಇನ್ನೊಂದ್ ಗಳಿಗೆ ಇಲ್ಲಿರಬೇಡ," ಅಂತ ಬಾಗಿಲಲ್ಲೇ ನಿಂತು ಕೂಗಾಡಿದ. ಕೇಸು ನಂದಲ್ಲ ಕಣೋ ಅಂತ ಹೇಳಿ ಹೇಳಿ ಸಾಕಾಗಿ, ಮುದ್ದೆ ತಿರುವಿ ಬಡಿಸಿದೆ. ಮುದ್ದೆ ನುಂಗಿದ ಮೇಲೆ ಅವನ ಸಿಟ್ಟೂ ಇಳಿಯಿತು. ಆಟೋ ಬರಿದೇ ವಾಪಸ್ಸು ಹೋಗಬಾರದು ಅಂತ ನಮ್ಮತ್ತೆ ಅದಕ್ಕೆ ತೆಂಗಿನಕಾಯಿ ತುಂಬಿಸಿ ಕಳಿಸಿದರು.

ನಮ್ಮೋರು ಅಂತಲೇ ಬರೆಯುತ್ತೇನೆ. ಗಂಡನ ಹೆಸರು ಹೇಳಬಾರದು ಅನ್ನುವ ಭಕ್ತಿಯೇನೂ ನನಗಿಲ್ಲ, ಸಿಟ್ಟು ಬಂದಾಗ ಹೆಸರು ಹಿಡಿದೇ ಕೂಗಿದ್ದೇನೆ. ಆದರೆ ಈ ಕಥೆಯಲ್ಲಿ ಇನ್ನೂ ಮೂವರು ಹೆಂಗಸರು ಬರುತ್ತಾರೆ, ಅವರ್ಯಾರ ಹೆಸರನ್ನೂ ಹೇಳುವ ಹಕ್ಕು ನನಗಿಲ್ಲ. ಅವರದ್ದು ಬಿಟ್ಟು ಇವರದ್ದೊಂದನ್ನೇ ಹೇಳಿದರೆ ನಮ್ಮೋರು ಉಬ್ಬಿಹೋಗುತ್ತಾರೆ.

ನಮಗೆ ಮಕ್ಕಳಿಲ್ಲ. ದಂಡಿನಶಿವರದ ಪಕ್ಕದ ಆ ಊರಿಗೆ ನಾನು ಸೊಸೆಯಾಗಿ ಬಂದು ಕೆಲವು ವರ್ಷ ಕಳೆದ ಮೇಲೆ ತುಮಕೂರಿನ ಆಸ್ಪತ್ರೆಗೆ ತೋರಿಸಲು ಹೋಗಿದ್ದೆವು. ಡಾಕ್ಟರಮ್ಮ ಇಬ್ಬರನ್ನೂ ಪರೀಕ್ಷೆ ಮಾಡಿಸಿ, ನಮ್ಮೋರದ್ದು ಎಲ್ಲ ಸರಿ ಇದೆ, ತೊಂದರೆ ಇರುವುದು ನನ್ನಲ್ಲಿ, ಆಗುವುದು ಕಷ್ಟ ಅಂತ ಮೆತ್ತಗೆ ಹೇಳಿದರು. ಬಸ್ ಸ್ಟ್ಯಾಂಡಿಗೆ ಬರುವ ತನಕ ನಾನು ಅಳುತ್ತಲೇ ಇದ್ದೆ. ಅಲ್ಲಿ ನಮ್ಮೋರು ಉಪ್ಪು ಖಾರ ಸವರಿದ ಸೌತೆಕಾಯಿ ತಂದು ನನ್ನ ಕೈಗಿಟ್ಟು, "ದೋಷ ನಂದು ಅಂತ ಹೇಳ್ತೀನಿ. ನೀನು ಬಾಯಿ ಬಿಡಬ್ಯಾಡ," ಅಂದರು.

"ಯಾಕ್ರೀ?"

"ನಿಂದು ಅಂದ್ರೆ ನಮ್ಮವ್ವ ನಂಗೆ ಇನ್ನೊಂದ್ ಹೆಣ್ ಹುಡುಕ್ತಾಳೆ. ನಂದು ಅಂದ್ರೆ ನಿಮ್ಮಪ್ಪ ನಿಂಗೆ ಇನ್ನೊಂದ್ ಗಂಡ್ ಹುಡುಕಕ್ಕಾಯ್ತದಾ?"

ಅಳುತ್ತಿದ್ದವಳಿಗೆ ನಗು ಬಂತು. ಊರಿಗೆ ಬಂದು ಹಾಗೇ ಹೇಳಿದರು, ಅವರವ್ವನ ಮುಂದೆ, ಅರಳಿಕಟ್ಟೆಯ ಮುಂದೆ, ಕೇಳಿದವರು ಕೇಳದವರು ಎಲ್ಲರ ಮುಂದೆ. ಗಂಡಸಾಗಿ ಹುಟ್ಟಿ ಇಂಥ ಮಾತನ್ನು ಅಷ್ಟು ಸಲೀಸಾಗಿ ಹೇಳಿದವನನ್ನು ನಮ್ಮೂರು ಅದಕ್ಕಿಂತ ಮುಂಚೆ ನೋಡಿರಲಿಲ್ಲ. ಹಾಗಾಗಿ ಎಲ್ಲರೂ ನಂಬಿದರು. ಸೀಮಂತ, ನಾಮಕರಣ ಎಲ್ಲಕ್ಕೂ ನನ್ನನ್ನು ಮುಂಚಿನಂತೆಯೇ ಕರೆದರು, ಅರಿಶಿನ ಕುಂಕುಮ ಕೊಟ್ಟರು. ಪಾಪ ಅವಳೇನು ಮಾಡ್ತಾಳೆ ಅಂತ ಎರಡು ಬಾಳೆಹಣ್ಣು ಜಾಸ್ತಿಯೇ ಹಾಕುತ್ತಿದ್ದರು. ಅತ್ತೆಯಂತೂ ನನಗೆ ಒಂದು ದಿನವೂ ಕೊಂಕು ಮಾತಾಡಿದವರಲ್ಲ.

ಈಗ ಕೇಸು ನೋಡಿ. ಚಿಕ್ಕನಾಯಕನಹಳ್ಳಿಯ ಒಬ್ಬ ಟೈಲರ್ ಹೆಂಗಸು, ತನ್ನ ಮಗಳಿಗೆ ಅಪ್ಪ ಇವರೇ, ಓದಿಸಲು ಜೀವನಾಂಶ ಕೊಡಬೇಕು ಅಂತ ಹಾಕಿದ್ದಳು. ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿದ್ದಳು. ಸಮನ್ಸಿನಲ್ಲಿದ್ದ ಆ ತಾಯಿಯ ಹೆಸರು ಓದಿದ ತಕ್ಷಣ ನಮ್ಮೋರು ಮಟ್ಟೆ ರಾಶಿಯ ಮೇಲೆ ಕುಸಿದು ಕೂತರು. ನಾನು ಎದುರಿಗೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತೆ.

ಕಥೆ ಇಷ್ಟೇ. ಮದುವೆಗೆ ಮುಂಚೆ ಕಂದಿಕೆರೆಯಲ್ಲಿ ಇವರ ಭಾವ ಕಾಲು ಮುರಿದುಕೊಂಡು ಮಲಗಿದ್ದರು. ಅಕ್ಕನ ತೋಟ ನೋಡಿಕೊಳ್ಳಲು ಇವರು ಒಂದು ವರ್ಷ ಅಲ್ಲಿದ್ದರು. ತೋಟದ ಜೊತೆಗೆ ಪಕ್ಕದ ಮನೆಯ ಹುಡುಗಿಯನ್ನೂ ನೋಡಿಕೊಂಡರು. ಗಾಳಿಸುದ್ದಿ ತಲುಪಿದ್ದೇ ತಡ ನಮ್ಮತ್ತೆ ಹೋಗಿ ಮಗನನ್ನು ಎಳೆದುಕೊಂಡು ಬಂದರು. ಆ ಹುಡುಗಿಯನ್ನು ಅವಳ ಮನೆಯವರು ಚಿಕ್ಕನಾಯಕನಹಳ್ಳಿಯ ಸೋದರತ್ತೆ ಮನೆಗೆ ಸಾಗಿಸಿದರು. ಇವರು ಹೇಗೋ ಹೇಳಿಕಳಿಸಿ ವಿಚಾರಿಸಿದಾಗ, ಅವಳಿಗೆ ಮದುವೆ ಆಯ್ತು ಅನ್ನುವ ಉತ್ತರ ಬಂತು. ನಂಬಿಬಿಟ್ಟರು. ಯಾರು ಏನು ಹೇಳಿದರೂ ನಂಬುವುದು ನಮ್ಮೋರ ಹುಟ್ಟುಗುಣ, ಮಂಡಿಯಲ್ಲಿ ಕೊಬ್ಬರಿ ರೇಟು ಕೇಳುವಾಗಲೂ ಹಾಗೇ. ಆಮೇಲೆ ನನ್ನನ್ನು ನೋಡಲು ಬಂದರು, ಉಪ್ಪಿಟ್ಟು ತಿಂದರು, ಒಪ್ಪಿಕೊಂಡರು.

"ಒಂದು ಮಾತು ಹೇಳ್ಬಾರ್ದಾಗಿತ್ತಾ ನಂಗೆ?" ಅಂದೆ.

"ನೀನು ಕೇಳ್ಲಿಲ್ವಲ್ಲ."

"ಉಪ್ಪಿಟ್ಟು ಕೊಡುವಾಗ, ಕಂದಿಕೆರೇಲಿ ಯಾರನ್ನಾದರೂ ಬಿಟ್ಟು ಬಂದಿದ್ದೀರಾ ಅಂತ ಕೇಳ್ಬೇಕಿತ್ತಾ?"

ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಮೂರು ದಿನ ಅವರ ತಟ್ಟೆಯನ್ನು ಕುಕ್ಕಿಯೇ ಇಟ್ಟೆ. ಸಾರಿಗೆ ಉಪ್ಪು ಹಾಕದೆ ಬಡಿಸಿದೆ. ಅವರು ಅದನ್ನೂ ಚೆನ್ನಾಗಿದೆ ಅಂತ ಉಂಡರು. ಹಾಗೆ ಉಣ್ಣುವವರ ಮೇಲೆ ಎಷ್ಟು ದಿನ ಸಿಟ್ಟು ಮಾಡಲಾಗುತ್ತದೆ ಹೇಳಿ.

ನಮ್ಮತ್ತೆಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. "ಸುಳ್ಳಿ ಅವಳು. ನನ್ನ ಮಗನಿಗೆ ಮಕ್ಕಳಾಗಲ್ಲ ಅಂತ ಜಗತ್ತಿಗೇ ಗೊತ್ತು. ಯಾರದ್ದನ್ನೋ ತಂದು ಇವನ ತಲೆಗೆ ಕಟ್ತಾವ್ಳೆ," ಅಂತ ಆಡಿಕೊಂಡರು. ನಾನೂ ನಮ್ಮೋರೂ ಮುಖ ಮುಖ ನೋಡಿಕೊಂಡೆವು.

ತಿಪಟೂರಿನ ವಕೀಲರು ಅತ್ತೆಗಿಂತ ಒಂದು ಹೆಜ್ಜೆ ಮುಂದೆ. ಊರಿನ ಸುದ್ದಿ ಅವರಿಗೂ ತಲುಪಿತ್ತು. ಕುರ್ಚಿಗೆ ಒರಗಿ, "ಗೆದ್ದಾಯ್ತು ಅಂದ್ಕೊಳ್ಳಿ. ಮಕ್ಕಳೇ ಆಗದ ಮನುಷ್ಯನಿಗೆ ಮಗಳು ಎಲ್ಲಿಂದ ಬರ್ತಾಳೆ? ನಿಮ್ಮ ಮನೆಯವರೇ ಸಾಕ್ಷಿ. ಇಷ್ಟು ವರ್ಷ ಸಂಸಾರ ಮಾಡಿದೋರು, ಅವರ ಮಾತಿಗಿಂತ ಇನ್ನೇನು ಬೇಕು? ಡಾಕ್ಟರ ಚೀಟಿ ಇದ್ಯಾ?" ಅಂದರು.

"ಕಳೆದೋಯ್ತು," ಅಂದರು ನಮ್ಮೋರು, ಪಟ್ಟಂತ. ಅಷ್ಟು ಬೇಗ ಅವರು ಯಾವುದಕ್ಕೂ ಉತ್ತರ ಕೊಟ್ಟಿದ್ದನ್ನು ನಾನು ಕಂಡಿರಲಿಲ್ಲ.

"ಹೋಗ್ಲಿ ಬಿಡಿ. ಆ ಕಡೆಯವರು ಡಿಎನ್ಎ ಪರೀಕ್ಷೆ ಅಂತ ಕೇಳಬಹುದು. ಕೋರ್ಟು ಅದನ್ನೆಲ್ಲ ಕೇಳಿದ ತಕ್ಷಣ ಮಾಡಿಸಲ್ಲ. ನಾವು ತಕರಾರು ಹಾಕೋಣ."

ಮನೆಗೆ ಬಂದು ಡಿಎನ್ಎ ವಿಷಯ ಹೇಳಿದರೆ ಅತ್ತೆ ಕಿವಿಗೆ ಕೈ ಹಿಡಿದು, "ಡಿಎಪಿನಾ?" ಅಂದರು. "ಅಲ್ಲ ಅತ್ತೆ, ಡಿಎನ್ಎ. ರಕ್ತ ತೆಗೆದು ನೋಡ್ತಾರಂತೆ." "ಅದೇನ್ ಡಿಎಪಿನೋ. ನಮ್ಮ ತೋಟಕ್ಕೆ ವರ್ಷಾ ವರ್ಷಾ ಹಾಕ್ತೀವಿ, ಯಾವ ಮರ ಯಾರ ಮಗ ಅಂತ ಅದು ಯಾವತ್ತಾರ ಹೇಳೈತಾ?" ಅಂದರು. ಆಮೇಲೆ ಊರಲ್ಲೆಲ್ಲ ಆ ಪರೀಕ್ಷೆಗೆ ಡಿಎಪಿ ಅಂತಲೇ ಹೆಸರಾಯಿತು. ಗೊಬ್ಬರದಂಗಡಿಯವನು ನಮ್ಮೋರನ್ನು ಕಂಡರೆ ಬೇಕಂತಲೇ "ಎಷ್ಟು ಮೂಟೆ ಅಣ್ಣಾ?" ಅನ್ನುತ್ತಿದ್ದ.

ಆ ತಾಯಿ ಮಗಳನ್ನು ನಾನು ಮೊದಲು ನೋಡಿದ್ದು ಚಿಕ್ಕನಾಯಕನಹಳ್ಳಿ ಕೋರ್ಟಿನ ಪಡಸಾಲೆಯಲ್ಲಿ. ಅದನ್ನು ಹೇಳುವ ಮುಂಚೆ ನಮ್ಮೋರ ಬಾಯಿಯ ಒಂದು ಚಟ ಹೇಳಬೇಕು. ಅವರಿಗೆ ತಮಗಿಂತ ಚಿಕ್ಕವರೆಲ್ಲ 'ಮಗಾ'. ಕಾಯಿ ಕೀಳುವವನು ಮಗಾ, ಕರು ಮಗಾ, ಸ್ಟಾರ್ಟ್ ಆಗದ ಪಂಪ್‌ಸೆಟ್ಟೂ ಮಗಾ. ಒಂದು ಸಲ ಬ್ಯಾಂಕಿನ ಮ್ಯಾನೇಜರಿಗೆ "ಸೈನ್ ಎಲ್ ಹಾಕ್ಲಿ ಮಗಾ" ಅಂದು ನನ್ನ ಮಾನ ಕಳೆದಿದ್ದರು. ಅವತ್ತೂ ಅಷ್ಟೇ, ತಿಪಟೂರಿನಲ್ಲಿ ಕಂಡಕ್ಟರಿಗೆ "ಎರಡು ಟಿಕೆಟ್ ಕೊಡು ಮಗಾ" ಅಂದರು. ಕೋರ್ಟಿನ ಎದುರು ಹೋಟೆಲಿನವನಿಗೆ "ಸಕ್ರೆ ಕಮ್ಮಿ ಹಾಕು ಮಗಾ" ಅಂದರು. ವಕೀಲರ ಜೂನಿಯರಿಗೆ, ಚೀಲಕ್ಕೆ ಬಾಯಿ ಹಾಕಲು ಬಂದ ಮೇಕೆಗೆ, ಎಲ್ಲರಿಗೂ ಮಗಾ.

ಪಡಸಾಲೆಯ ಬೆಂಚಿನ ಮೇಲೆ ನಾವಿಬ್ಬರೂ ಕೂತಿದ್ದೆವು. ಎರಡು ಜಡೆಯ ಹುಡುಗಿ ಒಬ್ಬಳು ತನ್ನ ತಾಯಿಯ ಮೊಣಕೈ ಹಿಡಿದು ನಡೆಸಿಕೊಂಡು ಬಂದು, "ಸ್ವಲ್ಪ ಜರುಗ್ತೀರಾ? ನಮ್ಮಮ್ಮಂಗೆ ಕಣ್ಣು ಸರಿಯಾಗಿ ಕಾಣಲ್ಲ," ಅಂದಳು. ನಮ್ಮೋರು ತಲೆ ಎತ್ತಿ ಅವಳನ್ನು ನೋಡಿದರು, ಆಮೇಲೆ ಅವಳ ತಾಯಿಯನ್ನು ನೋಡಿದರು. ಬೆಂಚಿನಿಂದ ಎದ್ದು ಟವಲಿನಿಂದ ಧೂಳು ಹೊಡೆದು, ಹುಡುಗಿಗೆ "ಕೂತ್ಕೊಳ್ಳಿ," ಅಂದರು.

ಕೂತ್ಕೊಳ್ಳಿ! ಎರಡು ಜಡೆಯ ಹುಡುಗಿಗೆ! ಹುಟ್ಟಿದಾಗಿನಿಂದ ಒಂದು ಸಣ್ಣ ಹುಡುಗಿಗೆ ಬಹುವಚನ ಹಚ್ಚಿ ಮಾತಾಡಿದ ಮನುಷ್ಯನಲ್ಲ ಅದು. ಮೇಕೆಗೆ ಸಿಕ್ಕ ಮರ್ಯಾದೆ ಅವಳಿಗೆ ಸಿಗಲಿಲ್ಲವಲ್ಲ ಅಂತ ನಗಲು ಹೋದೆ. ಆದರೆ ಆ ಪದ ಅವರ ಬಾಯಿ ತನಕ ಬಂದು ಹಿಂದೆ ಹೋಗಿದ್ದು ನನಗೆ ಕಂಡಿತ್ತು. ಹುಡುಗಿ ಇವರದ್ದೇ ಅಂತ ನನಗೆ ಖಾತ್ರಿಯಾಗಿದ್ದು ಆಗ.

ತಾಯಿ ಗಟ್ಟಿ ಹೆಂಗಸು. ನಮ್ಮೋರ ದನಿಯಲ್ಲೇ ಗುರುತು ಹಿಡಿದಿರಬೇಕು, ಬೆಂಚಿನ ಮೇಲೆ ಕೂತು ಸೀರೆ ಸರಿಮಾಡಿಕೊಂಡು, ಯಾರನ್ನೂ ನೋಡದೆ, "ದುಡ್ಡಿಗೇ ಕಣ್ರೀ ಬಂದಿರೋದು. ಪ್ರೀತಿ ಗೀತಿ ಏನೂ ಉಳಿದಿಲ್ಲ, ಹೆದರ್ಕೋಬೇಡಿ," ಅಂದಳು. ಅದು ನನಗೆ ಹೇಳಿದ ಮಾತು ಅಂತ ಆಮೇಲೆ ಹೊಳೆಯಿತು. "ಇಷ್ಟು ವರ್ಷ ಹೊಲಿದು ಸಾಕ್ದೆ. ಈಗ ಸೂಜಿ ಕಣ್ಣು ಕಾಣಲ್ಲ. ಕಂಡಿದ್ರೆ ಈ ಕಡೆ ತಲೇನೂ ಹಾಕ್ತಿರಲಿಲ್ಲ. ಇವಳು ಟೀಚರ್ ಟ್ರೈನಿಂಗ್ ಮಾಡ್ಬೇಕು ಅಂತಾಳೆ. ಅಷ್ಟೇ."

ನನಗೆ ಅವಳು ಇಷ್ಟವಾಗಿಬಿಟ್ಟಳು. ಎಂಥ ತಾಪತ್ರಯ ನೋಡಿ, ಸವತಿ ಅನ್ನಬೇಕಾದವಳು ಇಷ್ಟವಾಗುವುದು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿ ಕಡೆ ಕೂತು ಕೇಳಿದೆ. "ಆ ಹುಡುಗಿಗೆ ಯಾಕ್ರೀ ಮಗಾ ಅನ್ನಲಿಲ್ಲ?"

ಎರಡು ಊರು ದಾಟಿದ ಮೇಲೆ, "ಅಂದ್ರೆ ನಿಜ ಆಗ್ಬುಡ್ತದೆ ಕಣೇ," ಅಂದರು.

"ಆಗ್ಲಿ ಬಿಡಿ. ನಿಜ ತಾನೇ?"

"ನಿಜ ಅಂತ ಒಪ್ಕೊಂಡ್ರೆ ನಂದು ಸರಿ ಐತೆ ಅಂತಾಯ್ತದೆ. ನಂದು ಸರಿ ಅಂದ್ರೆ ನಿಂದು ಅಂತ ಊರೋರಿಗೆ ಗೊತ್ತಾಗಲ್ವಾ? ನಮ್ಮವ್ವಂಗೆ ಗೊತ್ತಾಗಲ್ವಾ? ಬುಡು, ವಕೀಲ್ರು ಹೇಳ್ದಂಗೆ ಆಗ್ಲಿ."

ಅಲ್ಲಿಯ ತನಕ ನಾನು ಏನೆಂದುಕೊಂಡಿದ್ದೆ ಗೊತ್ತಾ? ಕೊಡಬೇಕಾಗುತ್ತದಲ್ಲ ಅಂತ ಹಿಂದೆ ಸರಿಯುತ್ತಿದ್ದಾರೆ, ಎಲ್ಲ ಗಂಡಸರ ಹಾಗೆ ಇವರೂ ಒಬ್ಬರು ಅಂದುಕೊಂಡಿದ್ದೆ. ನನ್ನನ್ನು ಕಾಯಲು ತಮ್ಮ ಮಗಳನ್ನೇ ಅಲ್ಲ ಅನ್ನಲು ಹೊರಟಿದ್ದರು ಈ ಮಹಾರಾಯರು. ನನಗೆ ಎಷ್ಟು ಪ್ರೀತಿ ಬಂತೋ ಅಷ್ಟೇ ಸಿಟ್ಟೂ ಬಂತು. ಹಾಗೆ ಕಾಯಿರಿ ಅಂತ ಯಾರು ಕೇಳಿದ್ದರು? ಒಂದು ಹುಡುಗಿಯ ಓದನ್ನು ನನ್ನ ಮರ್ಯಾದೆಗೆ ಅಡವಿಡಿ ಅಂತ ನಾನು ಹೇಳಿದ್ದೆನಾ? ಅವರ ತೊಡೆಗೆ ಜೋರಾಗಿ ಚಿವುಟಿದೆ. "ಅಯ್ಯೋ" ಅಂದರು. ಮುಂದಿನ ಸೀಟಿನವರು ತಿರುಗಿ ನೋಡಿದರು.

ಸಾಕ್ಷಿ ಹೇಳುವ ದಿನ ಬಂತು. ವಕೀಲರು ಹಿಂದಿನ ದಿನವೇ ಗಿಳಿಗೆ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟಿದ್ದರು. ಕೇಳಿದ್ದಕ್ಕಷ್ಟೇ ಉತ್ತರ, ಜಾಸ್ತಿ ಒಂದಕ್ಷರ ಬೇಡ. ನಾನು ಹ್ಞೂಂ ಅಂದಿದ್ದೆ. ಏನು ಹೇಳುತ್ತೇನೆ ಅನ್ನುವುದು ನನಗೇ ಇನ್ನೂ ಖಚಿತವಿರಲಿಲ್ಲ, ಆ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಧೈರ್ಯವಂತೆಯ ಹಾಗೆ ಬರೆದುಕೊಂಡರೆ ನಮ್ಮೋರೇ ನಗುತ್ತಾರೆ. ಕಟಕಟೆ ಹತ್ತಿ ನಿಂತೆ. ಬಾಗಿಲ ಹತ್ತಿರ ನಮ್ಮೂರಿನ ಇಬ್ಬರು ಗಂಡಸರು ಬೇರೆ ಬಂದು ನಿಂತಿದ್ದರು, ಏನೋ ಕೆಲಸವಿತ್ತು ಅನ್ನುವ ನೆಪ ಮಾಡಿಕೊಂಡು. ನಾನು ಅಲ್ಲಿ ಏನು ಹೇಳಿದರೂ ಅದು ನನಗಿಂತ ಮುಂಚೆ ಊರು ಸೇರುತ್ತದೆ ಅಂತ ಗೊತ್ತಾಯಿತು.

"ನಿಮಗೆ ಮಕ್ಕಳಿದ್ದಾರೆಯೇ?" ನಮ್ಮ ವಕೀಲರು ಕೇಳಿದರು.

"ಇಲ್ಲ."

"ಮಕ್ಕಳಾಗದಿರಲು ದೋಷ ತಮ್ಮದೇ ಅಂತ ನಿಮ್ಮ ಯಜಮಾನರು ಊರವರ ಮುಂದೆ ಹೇಳಿದ್ದಾರೆ, ನಿಜವೇ?"

"ನಿಜ. ಹೇಳಿದ್ದಾರೆ."

ವಕೀಲರ ಮುಖ ಅರಳಿತು. ಸಾಕು ಅಂತ ಕೂರಲು ಹೊರಟರು. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಹೇಳಿದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ, ನೆಟ್ಟಗೆ ಇಳಿದು ಬಂದು ಬಸ್ಸು ಹತ್ತಬಹುದಿತ್ತು. ಆಗ ಆ ಹುಡುಗಿಯನ್ನು ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಕಣ್ಣು ಕಾಣದ ತಾಯಿಯ ಕಿವಿಯಲ್ಲಿ, ಇಲ್ಲಿ ಏನಾಗುತ್ತಿದೆ ಅಂತ ಪಿಸುಗುಟ್ಟುತ್ತಿದ್ದಳು. ನನ್ನ ಉತ್ತರವನ್ನೂ ಹಾಗೇ ಹೇಳಿರಬೇಕು, ತಾಯಿ ಕಣ್ಣು ಮುಚ್ಚಿಕೊಂಡಳು.

"ಅವರು ಹಂಗೆ ಹೇಳಿದ್ದಾರೆ ಸ್ವಾಮಿ," ಅಂದೆ. "ಆದ್ರೆ ಅದು ನಿಜ ಅಲ್ಲ."

"ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಮ್ಮಾ," ನಮ್ಮ ವಕೀಲರು ಕಣ್ಣು ಬಿಟ್ಟರು.

"ಕೇಳಿದ್ದಕ್ಕೇ ಹೇಳ್ತಿರೋದು."

ಮ್ಯಾಜಿಸ್ಟ್ರೇಟರು ಕೈ ಎತ್ತಿ ಅವರನ್ನು ಸುಮ್ಮನಾಗಿಸಿದರು. "ನಿಜ ಏನು, ಹೇಳಿ."

"ದೋಷ ನಂದು. ತುಮಕೂರಿನ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡೇ ಹೇಳಿದ್ರು. ಅವರದ್ದೆಲ್ಲ ಸರಿಯಾಗೇ ಇದೆ. ನಂಗೆ ಯಾರೂ ಒಂದು ಮಾತು ಅನ್ನಬಾರ್ದು ಅಂತ ಅವರು ತಮ್ಮ ಮೇಲೆ ಹಾಕ್ಕೊಂಡ್ರು."

ಟೈಪು ಮಾಡುತ್ತಿದ್ದ ಹೆಣ್ಣುಮಗಳ ಕೈ ನಿಂತಿತು. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು, "ಇದನ್ನು ಬರೆಸಿಕೊಂಡರೆ ನಾಳೆ ನಿಮಗೇ ಕಷ್ಟವಾಗಬಹುದು. ಯೋಚನೆ ಮಾಡಿ ಹೇಳಿ," ಅಂದರು. ಒಳ್ಳೆಯವರು.

"ಯೋಚನೆ ಆಯ್ತು. ಬರ್ಕೊಳ್ಳಿ."

ಆ ಕಡೆಯ ವಕೀಲೆ ಪಾಟಿ ಸವಾಲಿಗೆ ಎದ್ದರು. ಇಷ್ಟು ಸುಲಭದಲ್ಲಿ ಗೆಲ್ಲುತ್ತೇವೆ ಅಂತ ಆಕೆಗೂ ಅಂದಾಜಿರಲಿಲ್ಲ ಅಂತ ಕಾಣುತ್ತದೆ, ಕೈಯಲ್ಲಿದ್ದ ಪ್ರಶ್ನೆಗಳೆಲ್ಲ ದಂಡವಾಗಿದ್ದವು. "ಹಾಗಾದರೆ ಈ ಹುಡುಗಿ ನಿಮ್ಮ ಯಜಮಾನರ ಮಗಳೇ ಅಂತ ನೀವು ಒಪ್ಪುತ್ತೀರಾ? ಹೇಗೆ ಹೇಳ್ತೀರಿ?" ಅಂತ ಕೇಳಿದರು.

"ಅವರು ಎಲ್ಲರಿಗೂ ಮಗಾ ಅಂತಾರೆ. ಮೇಕೆಗೂ ಅಂತಾರೆ. ಇವಳೊಬ್ಬಳಿಗೇ ಅನ್ನಲಿಲ್ಲ."

ಮ್ಯಾಜಿಸ್ಟ್ರೇಟರು ಟೈಪಿನ ಕಡೆ ತಿರುಗಿ ಬಾಯಿ ತೆರೆದರು, ಮುಚ್ಚಿದರು. "ಇದನ್ನ ಹೇಗಮ್ಮಾ ಬರೆಸೋದು?" ಅಂದರು. ಹಿಂದೆ ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ನಮ್ಮೋರು, ಯಾರೂ ಕರೆಯದೆ, ವಕೀಲರು ಪಂಚೆ ಹಿಡಿದು ಎಳೆದರೂ ಕೇಳದೆ, ಎದ್ದು ಬಂದು ಮೇಜಿನ ಮುಂದೆ ನಿಂತರು.

"ಹುಡುಗಿ ನಂದೇ ಸ್ವಾಮಿ. ನಂಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಹಿಂಗ್ ಬುಡ್ತಿರಲಿಲ್ಲ," ಅಂದರು. ಆಮೇಲೆ ನನ್ನ ಕಡೆ ಬೆರಳು ಮಾಡಿ, "ಅವಳು ಹೇಳಿದ್ದನ್ನ ಅಳಿಸಕ್ಕಾಯ್ತದಾ?" ಅಂತ ಕೇಳಿದರು.

ಅಳಿಸಲು ಆಗುತ್ತಿರಲಿಲ್ಲ, ನಾನು ಅಳಿಸಲು ಬಿಡುತ್ತಲೂ ಇರಲಿಲ್ಲ.

ಒಪ್ಪಿಕೊಂಡ ಮೇಲೆ ರಕ್ತ ಪರೀಕ್ಷೆಯ ಮಾತೇ ಬರಲಿಲ್ಲ, ಡಿಎಪಿ ಮೂಟೆ ಬಿಚ್ಚದೆಯೇ ಕೇಸು ಮುಗಿಯಿತು. ಆದರೆ ಆಗಿನ ಕಾನೂನಿನಲ್ಲಿ ತಿಂಗಳಿಗೆ ಐನೂರಕ್ಕಿಂತ ಮೇಲೆ ಕೊಡಿಸುವ ಹಾಗಿರಲಿಲ್ಲವಂತೆ. ಹೊರಗೆ ಬಂದ ತಾಯಿ, "ಐನೂರು ಹಾಸ್ಟೆಲ್ ಊಟಕ್ಕೂ ಸಾಲದು," ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದಳು. ನಮ್ಮೋರು ತಡವರಿಸಿ, ಕೆರೆ ಕಡೆಯ ಸಾಲಿನ ಕಾಯಿ ಪೂರ್ತಿ ಅವಳ ಓದಿಗೇ ಅಂದರು. "ಹ್ಞೂಂ, ಮರ ಹತ್ತಿ ನೋಡ್ದಾಗ ನಂಬ್ತೀನಿ," ಅಂದಳು ಅವಳು. ಕಣ್ಣು ಕಾಣದವಳು ಹಾಗೆ ಹೇಳಿದ್ದಕ್ಕೆ ತಾನೇ ಮೊದಲು ನಕ್ಕಳು.

ಹುಡುಗಿ ನನ್ನ ಮುಂದೆ ಬಂದು ನಿಂತಳು. "ನಿಮ್ಮನ್ನ ಏನಂತ ಕರೀಲಿ?"

ನಾನು ಯೋಚನೆಗೆ ಬಿದ್ದೆ. ವಯಸ್ಸಿನಲ್ಲಿ ಅವಳ ತಾಯಿಗಿಂತ ನಾನು ದೊಡ್ಡವಳು, ಆ ಲೆಕ್ಕದಲ್ಲಿ ದೊಡ್ಡಮ್ಮ. ಆದರೆ ನಮ್ಮೋರ ಬಾಳಿಗೆ ಬಂದಿದ್ದು ಹಿಂದಿನಿಂದ, ಆ ಲೆಕ್ಕದಲ್ಲಿ ಚಿಕ್ಕಮ್ಮ. ಎರಡನ್ನೂ ಬಿಡಿಸಿ ಹೇಳುತ್ತಾ ಇದ್ದೆ. ಅವಳ ತಾಯಿ ನಡುವೆ ಬಾಯಿ ಹಾಕಿ, "ಆಂಟಿ ಅನ್ನು, ಸಾಕು. ಇದಕ್ಕೂ ಒಂದು ಕೇಸು ಹಾಕಕ್ಕಾಗಲ್ಲ," ಅಂದಳು. ಆಂಟಿ ಅಂತಲೇ ಆಯಿತು.

ಬಸ್ಸಿನಲ್ಲಿ ನಮ್ಮೋರು ನನ್ನ ಕೈ ಹಿಡಿದುಕೊಂಡು ಕೂತಿದ್ದರು. ಹತ್ತು ಜನರ ಎದುರಿಗೆ ಹಾಗೆ ಹಿಡಿದವರಲ್ಲ. ನಾನು ಬಿಡಿಸಿಕೊಳ್ಳಲೂ ಇಲ್ಲ. ನನ್ನ ತಲೆಯಲ್ಲಿ ಓಡುತ್ತಿದ್ದುದು ಒಂದೇ, ಅತ್ತೆ. ನಮ್ಮೂರಿನ ಆ ಇಬ್ಬರು ಗಂಡಸರು ನಮಗಿಂತ ಮುಂಚಿನ ಬಸ್ಸಿಗೇ ಹೊರಟಿದ್ದರು. ಸುದ್ದಿ ಆಗಲೇ ಮನೆ ತಲುಪಿರುತ್ತದೆ. ಅತ್ತೆ ಏನೇನು ಅನ್ನಬಹುದು, ನಾನು ಏನೇನು ಉತ್ತರ ಕೊಡಬೇಕು, ಎಲ್ಲ ಜೋಡಿಸಿಕೊಂಡೆ. ಬಂಜೆ ಅಂದರೆ ಇದನ್ನು ಹೇಳುವುದು, ನನ್ನ ಮಗನ ಮೇಲೆ ಹೊರಿಸಿದೆ ಅಂದರೆ ಇದನ್ನು, ತವರಿಗೆ ಹೋಗು ಅಂದರೆ ಇದನ್ನು. ಅಣ್ಣನ ಲಗೇಜ್ ಆಟೋ ಕೂಡ ಕಣ್ಣ ಮುಂದೆ ಬಂದು ಹೋಯಿತು.

ಅತ್ತೆ ನಡುಮನೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು. ದೀಪ ಹಚ್ಚುವ ಹೊತ್ತಾಗಿತ್ತು, ಹಚ್ಚಿರಲಿಲ್ಲ. ಮಗನ ಕಡೆ ನೋಡದೆ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಅವನದು ಸರಿ ಐತಂತಾ?"

"ಹ್ಞೂಂ ಅತ್ತೆ."

"ಮೊದ್ಲಿಂದಾನೂ ಸರಿ ಐತಂತಾ?"

"ಹ್ಞೂಂ. ನಂದೇ..."

"ನಿಂದಿರ್ಲಿ ಬುಡು." ನನ್ನ ಕೈ ಗಟ್ಟಿಯಾಗಿ ಹಿಡಿದರು. "ಹಂಗಾರೆ ಮಂಗನಬಾವಿಂದ ಅಲ್ವಾ?"

"ಯಾವ ಮಂಗನಬಾವು ಅತ್ತೆ?"

ಆಗ ಹೇಳಿದರು. ನಮ್ಮೋರು ಚಿಕ್ಕವರಿದ್ದಾಗ ಮಂಗನಬಾವು ಬಂದು ಎರಡೂ ಕೆನ್ನೆ ಊದಿಕೊಂಡಿತ್ತಂತೆ. ರಾಗಿ ಕುಯ್ಲಿನ ಕಾಲ. ಮನೆಯಲ್ಲಿ ಮಲಗಿಸಲು ಪುರಸೊತ್ತಿರಲಿಲ್ಲ, ಜ್ವರದಲ್ಲೇ ಹೊಲಕ್ಕೆ ಕರೆದುಕೊಂಡು ಹೋಗಿದ್ದರಂತೆ. ಬಾವು ಕೆಳಕ್ಕಿಳಿದರೆ ಗಂಡುಮಕ್ಕಳಿಗೆ ಮುಂದೆ ಮಕ್ಕಳಾಗಲ್ಲ ಅಂತ ಅಲ್ಲಿ ಯಾರೋ ಮುದುಕಿ ಅಂದಿದ್ದಳಂತೆ. ನಾವು ತುಮಕೂರಿನಿಂದ ಬಂದು ಅವರ ಮುಂದೆ ಆ ಮಾತು ಹೇಳಿದ ದಿನ, ಅತ್ತೆಗೆ ಆ ಹೊಲ ನೆನಪಾಗಿತ್ತು.

"ನಾನೇ ಮಾಡ್ದೆ ಅಂದ್ಕೊಂಡಿದ್ದೆ ಕಣವ್ವ," ಅಂದರು. "ಎರಡು ದಿನ ಮನೇಲಿ ಮಲಗಿಸಿದ್ರೆ ನನ್ನ ಮಗ ಇವತ್ತು ಮಕ್ಕಳೊಂದಿಗ ಆಗಿರೋನು ಅಂತ. ನಿನ್ನ ಮುಖ ನೋಡಕ್ಕೂ ಆಯ್ತಿರಲಿಲ್ಲ ನಂಗೆ. ನಿನ್ನ ಬಾಳೂ ನಾನೇ ಹಾಳು ಮಾಡ್ದೆ ಅಂತ."

ಜೋಡಿಸಿಕೊಂಡು ಬಂದಿದ್ದ ಉತ್ತರಗಳಲ್ಲಿ ಒಂದೂ ಇದಕ್ಕೆ ಆಗುವಂಥದ್ದಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಮ್ಮೋರು ಅಲ್ಲೇ ಹೊಸಿಲ ಮೇಲೆ ಕೂತುಬಿಟ್ಟರು. ಅವರ ಅಳು ನನಗೆ ಕೇಳಿಸುತ್ತಿತ್ತು. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ನನ್ನ ಕೈ ಬಿಡದೆ ಕೇಳಿದರು.

"ಇಷ್ಟು ವರ್ಷದಲ್ಲಿ ನಂಗೊಬ್ಬಳಿಗೆ ಹೇಳ್ಬಾರ್ದಾಗಿತ್ತೇನವ್ವ?"

ಅದರಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.